ದಾದರಿನ ಸೈಕಾಲಜಿ

ಬಿ.ಎ.ಗೆ ಸೈಕಾಲಜಿ ಹಿಡಿದೆ ಅಂದಾಗ ಮುಂಬಯಿಯ ನಮ್ಮ ದಾದರಿನ ಚಾಳಿನಲ್ಲಿ ಸಿಕ್ಕವರೆಲ್ಲ ಕೇಳಿದ್ದು ಒಂದೇ ಮಾತು: “ಹಾಗಾದ್ರೆ ನನ್ನ ಮನಸ್ಸಲ್ಲಿ ಏನುಂಟು ಹೇಳು ನೋಡುವ.” ಅದನ್ನು ಹೇಳುವ ವಿದ್ಯೆ ಅದಲ್ಲ. ಎದುರಿಗೆ ಕೂತವರ ಬಗ್ಗೆ ಮಾತಾಡುವ ಮೊದಲು ಅವರನ್ನು ಸರಿಯಾಗಿ ನೋಡುವುದನ್ನು ಅದು ಕಲಿಸುತ್ತದೆ. ನನಗೆ ಇದೇ ಹೆಚ್ಚು ರುಚಿಸಿತು.

ದಾದರ್ ಪೂರ್ವದಿಂದ ನಡೆದರೆ ಮಾಟುಂಗದ ರುಯಿಯಾ ಕಾಲೇಜು, 1937ರದ್ದು, ಹಳಿಯಾಚೆ ರೂಪಾರೆಲ್. ಎಫ್‌ವೈ ಎಂಬ ಮೊದಲ ವರ್ಷದಲ್ಲಿ ಹಲವರು ಈ ವಿಷಯ ತೆಗೆದುಕೊಳ್ಳುತ್ತಿದ್ದರು, ಟೀವೈ ಎಂಬ ಮೂರನೆಯ ವರ್ಷದ ಹೊತ್ತಿಗೆ ಆರೂ ಪೇಪರು ಅದರಲ್ಲೇ ಬರೆಯುವವರು ಕಡಿಮೆ. ಎಲ್ಲರೂ ಕಾಯುತ್ತಿದ್ದದ್ದು ಮನೋರೋಗಗಳ ಪೇಪರಿಗೆ. ಪಾಠ ಶುರುವಾದ ವಾರದಲ್ಲಿ ತರಗತಿಯ ಅರ್ಧ ಮಂದಿಗೆ ಪುಸ್ತಕದ ಲಕ್ಷಣಗಳೆಲ್ಲ ತಮಗೇ ಇದ್ದಂತೆ ಅನಿಸತೊಡಗಿತು. ನನ್ನ ಪ್ರೀತಿ ಮಾತ್ರ ಪ್ರಾಕ್ಟಿಕಲ್ ಕೋಣೆಯ ಮೇಲೆ.

ಅಲ್ಲಿ ಇಬ್ಬಿಬ್ಬರ ಜೋಡಿ. ಒಬ್ಬರು ಪ್ರಯೋಗ ಮಾಡುವವರು, ಇನ್ನೊಬ್ಬರು ಒಳಗಾಗುವವರು. ಸೂಚನೆಯನ್ನು ಒಂದಕ್ಷರ ಆಚೀಚೆ ಮಾಡದೆ ಓದಬೇಕು, ನಗಬಾರದು, ಸುಳಿವು ಕೊಡಬಾರದು. ಮುಗಿದ ಮೇಲೆ “ನಿನಗೆ ಹೇಗನಿಸಿತು” ಎಂದು ಕೇಳಿ, ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಳ್ಳಬೇಕು. ಸ್ಟ್ರೂಪ್ ಪ್ರಯೋಗ ಮಾಡಿದ್ದು ಹಾಗೆಯೇ. ಕೆಂಪು ಶಾಯಿಯಲ್ಲಿ ‘ಹಸಿರು’ ಎಂದು ಬರೆದಿರುತ್ತದೆ. ಓದದೆ, ಶಾಯಿಯ ಬಣ್ಣ ಹೇಳಬೇಕು. 1935ರಲ್ಲಿ ಸ್ಟ್ರೂಪ್ ಅಮೆರಿಕದಲ್ಲಿ ಇದನ್ನು ಪ್ರಕಟಿಸಿದಾಗ, 100 ಬಣ್ಣದ ಚೌಕಗಳನ್ನು ಸರಾಸರಿ 63 ಸೆಕೆಂಡಿನಲ್ಲಿ ಹೆಸರಿಸಿದವರಿಗೆ ಹೀಗೆ ಹೊಂದದ ಪದಗಳಿದ್ದಾಗ 110 ಸೆಕೆಂಡು ಹಿಡಿದಿತ್ತು.

ನಾನು ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಅಕ್ಷರ ಕಲಿತವನು. ನನ್ನ ಜೋಡಿ ಮರಾಠಿ ಹುಡುಗಿ. ಕಾಲೇಜಿನ ಕಾರ್ಡು ಮುಗಿದ ಮೇಲೆ ನಾವೇ ಸ್ಕೆಚ್ ಪೆನ್ನಿನಲ್ಲಿ ಕನ್ನಡದ ಕಾರ್ಡು ಬರೆದೆವು. ನೀಲಿ ಶಾಯಿಯ ‘ಹಳದಿ’ ಎದುರಾದಾಗ ನನ್ನ ನಾಲಿಗೆ ತಡವರಿಸಿತು. ಅವಳಿಗೆ ಕನ್ನಡ ಲಿಪಿ ಬರಿಯ ಗೆರೆ. ನೀಲಿ, ಕೆಂಪು, ಹಸಿರು ಎಂದು ಸರಸರನೆ ಹೇಳಿ ಮುಗಿಸಿದಳು. ಒಮ್ಮೆ ಕಲಿತ ಓದನ್ನು ಬೇಕೆಂದರೂ ನಿಲ್ಲಿಸಲಾಗದು ಎಂಬುದು ನನಗೆ ಅಲ್ಲಿ ಮೈಗೆ ತಿಳಿಯಿತು. ದಾದರಿನಲ್ಲಿ ಹುಟ್ಟಿ, ಬೀದಿಯಲ್ಲಿ ಮರಾಠಿ ಆಡಿ ಬೆಳೆದ ನನ್ನೊಳಗೆ ಕನ್ನಡ ಎಷ್ಟು ಆಳಕ್ಕೆ ಇಳಿದಿದೆಯೆಂದು ಒಂದು ಸ್ಟಾಪ್‌ವಾಚು ತೋರಿಸಿಕೊಟ್ಟಾಗ ಆದ ಸಂತೋಷ ಸಣ್ಣದಲ್ಲ.

ಇನ್ನೊಂದು ಪಾಠ ನೇರ ನಮ್ಮ ಮನೆಗೇ ಬಂತು. ಅಪ್ಪ ಕುಂದಾಪುರದ ಕಡೆಯಿಂದ ಬಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂತವರು. ಅಲ್ಲಿ ಸಪ್ಲೈಯರ್‌ಗಳು ಚೀಟಿ ಬರೆಯುತ್ತಿರಲಿಲ್ಲ. ಯಾರು ಎಷ್ಟು ತಿಂದರೆಂದು ತಲೆಯಲ್ಲೇ ಕೂಡಿಸಿ, ಗಿರಾಕಿ ಎದ್ದೊಡನೆ ಗಲ್ಲಾದತ್ತ ಮೊತ್ತ ಕೂಗುತ್ತಿದ್ದರು. ಬರ್ಲಿನ್ನಿನಲ್ಲಿ ಮನಃಶಾಸ್ತ್ರಜ್ಞ ಕುರ್ಟ್ ಲೆವಿನ್ ಕೂಡ ಹೋಟೆಲಿನಲ್ಲಿ ಇಂಥದ್ದನ್ನೇ ಗಮನಿಸಿದರೆಂದು ಹೇಳುತ್ತಾರೆ: ಹಣ ಸಂದಾಯವಾಗುವ ತನಕ ಮಾಣಿಗೆ ಎಲ್ಲ ನೆನಪು, ಆಮೇಲೆ ಇಲ್ಲ. ಅವರ ಶಿಷ್ಯೆ ಬ್ಲೂಮಾ ಝೈಗಾರ್ನಿಕ್ ಇದನ್ನು ಪರೀಕ್ಷೆಗೆ ಒಡ್ಡಿ, ಅರ್ಧಕ್ಕೆ ತಡೆದ ಕೆಲಸ ಮುಗಿಸಿದ ಕೆಲಸಕ್ಕಿಂತ ಸುಮಾರು ಎರಡು ಪಟ್ಟು ನೆನಪಿರುತ್ತದೆಂದು 1927ರಲ್ಲಿ ಬರೆದರು. ಮುಂದಿನವರ ಪ್ರಯೋಗಗಳಲ್ಲಿ ಇದು ಎಲ್ಲ ಕಡೆ ಹೀಗೇ ಬರಲಿಲ್ಲ. ನಮ್ಮ ಮೇಡಂ ಅದನ್ನೂ ಅಷ್ಟೇ ಅಕ್ಕರೆಯಿಂದ ಹೇಳಿಕೊಟ್ಟರು. ಅಪ್ಪನಿಗೆ ಕತೆ ಹೇಳಿದೆ. “ಹೌದು ಮಾರಾಯ, ದುಡ್ಡು ಕೊಟ್ಟು ಹೋದವ ಹೋದ. ಬಾಕಿ ಇಟ್ಟವನ ಮುಖ ಮಾತ್ರ ಮರೆಯುವುದಿಲ್ಲ” ಅಂದರು. ನಾನು ಓದುವುದರಲ್ಲಿ ತಮ್ಮ ಕೆಲಸವೂ ಇದೆ ಎಂದು ಅವರಿಗೆ ಅನಿಸಿದ್ದು ಅಂದೇ. ಹೋಟೆಲಿನವರ ಜಾಣ್ಮೆಯನ್ನು ಲೆಕ್ಕಕ್ಕೇ ಹಿಡಿಯದ ಈ ಊರಿನಲ್ಲಿ ಅದಕ್ಕೊಂದು ಪಠ್ಯಪುಸ್ತಕದ ಪುಟ ಸಿಕ್ಕಿತ್ತು.

ಕನ್ನಡ ನಾಡಿಗೂ ಈ ವಿದ್ಯೆ ಹೊಸದಲ್ಲ. ಲಂಡನ್ನಿನಲ್ಲಿ ಮನಃಶಾಸ್ತ್ರಜ್ಞ ಸ್ಪಿಯರ್‌ಮನ್ ಬಳಿ ಕಲಿತು ಬಂದ ಎಂ.ವಿ. ಗೋಪಾಲಸ್ವಾಮಿ 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಃಶಾಸ್ತ್ರ ವಿಭಾಗ ಕಟ್ಟಿದರು. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ರೇಡಿಯೋ ಬಿತ್ತರಿಸಿದವರೂ ಅವರೇ. ಜನ ಏನು ಕೇಳುತ್ತಾರೆ, ಹೇಗೆ ಕೇಳುತ್ತಾರೆ ಎಂಬ ಕುತೂಹಲ ಇದ್ದವರಿಗೆ ಆ ಎರಡು ಕೆಲಸ ಬೇರೆಬೇರೆ ಅನಿಸಿರಲಾರದು ಎಂದು ನನ್ನ ಊಹೆ.

ಈಗ ಹೊಸ ಶಿಕ್ಷಣ ನೀತಿಯಲ್ಲಿ ಮೇಜರ್, ಮೈನರ್ ಎಂದು ಆರಿಸಿಕೊಳ್ಳಬಹುದು. ಅರ್ಥಶಾಸ್ತ್ರ ಓದುವ ಅಕ್ಕನ ಮಗಳು ಸೈಕಾಲಜಿ ಮೈನರ್ ತಗೊಳ್ಳಲಾ ಎಂದು ಕೇಳಿದಳು. ಬರಿಯ ಬಿ.ಎ. ಓದಿ ಯಾರಿಗೂ ಚಿಕಿತ್ಸೆ ಕೊಡುವ ಹಾಗಿಲ್ಲ, ಅದಕ್ಕೆ ಎಂ.ಎ. ಮತ್ತು ಅದರ ಮೇಲಿನ ತರಬೇತಿ ಬೇಕು ಎಂದು ಮೊದಲೇ ತಿಳಿಸಿದೆ. ಆಮೇಲೆ, ಖಂಡಿತ ತಗೋ ಎಂದೆ. ಸಂಖ್ಯಾಶಾಸ್ತ್ರಕ್ಕೆ ಹೆದರಿ ಸುಲಭದ ಪೇಪರು ಹುಡುಕಬೇಡ, ಪ್ರಾಕ್ಟಿಕಲ್ ಇರುವುದನ್ನೇ ಹಿಡಿ, ಜೋಡಿಗೆ ನಿನ್ನ ಭಾಷೆ ಬಾರದವರನ್ನು ಆರಿಸಿಕೋ ಎಂದೂ ಹೇಳಿದೆ.