ಶೆಟ್ಟಿಹಳ್ಳಿಯಲ್ಲೊಂದು ಬೆಳಗು

ಹಾಸನದಿಂದ ಸುಮಾರು 20 ಕಿಲೋಮೀಟರು ದೂರದ ಶೆಟ್ಟಿಹಳ್ಳಿಯನ್ನು ನಾವು ತಲಪಿದಾಗ ಸೂರ್ಯೋದಯವಾಗುತ್ತಲಿದ್ದಿತು. ಮಳೆಗಾಲ ಕಳೆದಿದ್ದಿತು. ಹೇಮಾವತಿಯ ಹಿನ್ನೀರಿನಲ್ಲಿ ಅರ್ಧ ಮುಳುಗಿ ನಿಂತ ರೋಜರಿ ಚರ್ಚಿನ ಚೂಪು ಕಮಾನುಗಳು ಕನ್ನಡಿಯಲ್ಲಿ ಕಂಡಂತೆ ನೀರಿನಲ್ಲಿ ಕಾಣುತ್ತಿದ್ದುವು. ದಡದಲ್ಲಿ ನಾಲ್ಕೈದು ಮಂದಿ ತರುಣರು ಕ್ಯಾಮೆರಾಗಳನ್ನು ಮುಕ್ಕಾಲಿಗಳ ಮೇಲಿರಿಸಿ ಬೆಳಕಿಗಾಗಿ ಕಾದಿದ್ದರು.

ಫ್ರೆಂಚ್ ಪಾದ್ರಿಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿಸಿದ ಈ ಮಂದಿರವು, 1979ರಲ್ಲಿ ಗೊರೂರಿನ ಅಣೆಕಟ್ಟು ಮುಗಿದಂದಿನಿಂದ, ಮಳೆಗಾಲದಲ್ಲಿ ಮುಳುಗುವುದು. ಬೇಸಗೆಯಲ್ಲಿ ಮತ್ತೆ ಮೇಲೇಳುವುದು. ಆದುದರಿಂದಲೇ ಛಾಯಾಗ್ರಾಹಕರಿಗೆ ಇದು ತಿಂಗಳಿಗೊಂದು ಹೊಸ ಚಿತ್ರ. ಆದರೆ ಗೋಡೆಗಳು ವರ್ಷೇ ವರ್ಷೇ ಶಿಥಿಲವಾಗುತ್ತಿವೆ. ಇದೇ ಜಿಲ್ಲೆಯ ಹಳೆಬೀಡಿನ ದೇವಾಲಯದ ಛಾಯಾಚಿತ್ರಗಳನ್ನು ಕ್ಯಾಪ್ಟನ್ ಓಕ್ಲಿ ಎಂಬಾತನು 1856ರಲ್ಲಿ ತೆಗೆದನು. ಅವುಗಳಲ್ಲಿ 56 ಚಿತ್ರಗಳು 1859ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಗಿ, ಗುಡಿಯ ಅಂದಿನ ಸ್ಥಿತಿಗೆ ಇಂದಿಗೂ ಸಾಕ್ಷಿಯಾಗಿವೆ. ಈ ತರುಣರ ಚಿತ್ರಗಳೂ ಮುಂದೆ ಹಾಗೆಯೇ ಸಾಕ್ಷಿ ನುಡಿಯಬೇಕಾದೀತು.

ಬಳಿಯಲ್ಲಿದ್ದ ವೃದ್ಧೆಯೊಬ್ಬರು, "ನನ್ನ ಮದುವೆಯಾದದ್ದು ಇದರೊಳಗೇ ಸ್ವಾಮಿ. ಆವತ್ತು ಪಟ ತೆಗೆಯೋರು ಒಬ್ಬರೂ ಬರಲಿಲ್ಲ. ಈಗ ನೋಡಿ, ಎಷ್ಟು ಜನ!" ಎಂದರು. ಮಾತಿನಲ್ಲಿ ಕಹಿಯಿರಲಿಲ್ಲ, ಆದರೂ ನಮಗೆ ನಾಚಿಕೆಯಾಯಿತು. ಮುಳುಗಿದುದು ಕಟ್ಟಡವೊಂದೇ ಅಲ್ಲ. ಸುತ್ತಲಿನ ಊರು ಹೊಲಗಳೂ ಮುಳುಗಿದುವು. ಅಂದವನ್ನು ನೋಡಬಂದ ನಾವು ಅದನ್ನು ನೆನೆದಿರಲಿಲ್ಲ.

ತರುಣರಲ್ಲೊಬ್ಬನು ಇದನ್ನು ಕೇಳಿ, "ಅಜ್ಜಿ, ಒಂದು ಪಟ ತೆಗೆಯಲೇ?" ಎಂದನು. ಆಕೆ ಸೆರಗನ್ನು ಸರಿಪಡಿಸಿಕೊಂಡು, ಚರ್ಚಿಗೆ ಬೆನ್ನಾಗಿ ನೆಟ್ಟಗೆ ನಿಂತರು. ಅಂದು ಅಲ್ಲಿ ತೆಗೆದ ಚಿತ್ರಗಳಲ್ಲಿ ಅದೇ ಉತ್ತಮವೆಂದು ನಾವು ಎಣಿಸುತ್ತೇವೆ.