ಆಚೆ ದಡ, ಈಚೆ ದಡ



ಹೋದ ಸಂಕ್ರಾಂತಿ ರಜೆಯಲ್ಲಿ ನಮ್ಮ ತಾಳವಾಡಿ ಸೀಮೆಯ ಹನ್ನೊಂದು ಕುಟುಂಬಗಳು ಸೇರಿ ಹೊಗೇನಕಲ್ ಜಲಪಾತಕ್ಕೆ ಹೋಗಿ ಬಂದೆವು. ಒಟ್ಟು ನಲವತ್ತೆರಡು ಜನ. ಅತಿ ಚಿಕ್ಕವನಿಗೆ 4 ವರ್ಷ, ಹಿರಿಯ ಅಜ್ಜಿಗೆ 71. "ಸುತ್ತಲೂ ಬೆಟ್ಟ, ಕಾಡು ಇರೋವಾಗ ಇನ್ನೊಂದು ಕಾಡು ನೋಡೋಕೆ ಹೋಗಬೇಕಾ ಸ್ವಾಮಿ?" ಎಂದು ಕೇಳಿದವರೂ ಇದ್ದರು. ನ್ಯಾಯವಾದ ಪ್ರಶ್ನೆಯೇ. ಆದರೆ ಸತ್ಯಮಂಗಲದ ಕಾಡು 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ನಮ್ಮ ಹಿರಿಯರು ಸೌದೆಗೆ, ಜೇನಿಗೆ ತಿರುಗಾಡಿದ ಜಾಡುಗಳಲ್ಲಿ ಇಂದಿನ ಮಕ್ಕಳು ಸುಮ್ಮನೆ ಕಾಲಿಡುವಂತಿಲ್ಲ. ಬೆಟ್ಟದಂಚಿನ ಕೆಳಗೆ ಮೋಯಾರ್ ನದಿ ಆಳವಾದ ಕಣಿವೆ ಕೊರೆದುಕೊಂಡು ಹರಿಯುತ್ತದೆ, ಮೇಲಿರುವ ನಮ್ಮ ಹೊಲಗಳಿಗೆ ಅದು ಹತ್ತಿ ಬರುವುದಿಲ್ಲ. ಮಳೆ ಬಂದರೆ ರಾಗಿ, ಬಾರದಿದ್ದರೆ ಕೊಳವೆಬಾವಿಯ ಸಾಲ. ಇಂಥ ಒಣ ಸೀಮೆಯ ಮಕ್ಕಳು ಒಮ್ಮೆಯಾದರೂ ತುಂಬಿದ ನೀರನ್ನು ಕಣ್ಣಾರೆ ನೋಡಲಿ ಎಂಬುದು ತಾಯಂದಿರ ಆಸೆಯಾಗಿತ್ತು.

ನಮ್ಮ ಜಿಲ್ಲಾ ಕೇಂದ್ರ ಈರೋಡು. ಅಲ್ಲಿಗೆ ಹೋಗಬೇಕಾದರೆ ದಿಂಬಂ ಘಾಟಿಯ 27 ತಿರುವುಗಳನ್ನು ಇಳಿಯಬೇಕು. 2022ರಿಂದ ರಾತ್ರಿ ಹೊತ್ತು ಆ ದಾರಿಯೂ ಬಂದ್. ಆದ್ದರಿಂದ ನಮಗೆ ಹಿತ್ತಲ ಬಾಗಿಲಿನಂತಿರುವ ಚಾಮರಾಜನಗರದ ಕಡೆಯಿಂದ ಹೊರಟು, ಕೊಳ್ಳೇಗಾಲ, ಹನೂರು ದಾಟಿದೆವು. ಈ ಕೊಳ್ಳೇಗಾಲವೂ 1956ರವರೆಗೆ ನಮ್ಮಂತೆಯೇ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಭಾಷೆಯ ಮೇಲೆ ರಾಜ್ಯಗಳು ವಿಂಗಡವಾದಾಗ ಅದು ಮೈಸೂರಿಗೆ ಸೇರಿತು, ಕನ್ನಡದ ತಾಳವಾಡಿ ಅಲ್ಲೇ ಉಳಿಯಿತು.

ರಾತ್ರಿ ಬಿಡಾರ ಹನೂರು ತಾಲೂಕಿನ ಮಾರ್ಟಳ್ಳಿಯ ಚರ್ಚಿನ ಅಂಗಳದಲ್ಲಿ. ಟಾರ್ಪಾಲು ಕಟ್ಟಿ, ಜಮಖಾನ ಹಾಸಿದೆವು. ನಾವು ತಮಿಳುನಾಡಿನ ಕನ್ನಡ ಕ್ರೈಸ್ತರಾದರೆ, ಮಾರ್ಟಳ್ಳಿಯವರು ಕರ್ನಾಟಕದ ತಮಿಳು ಕ್ರೈಸ್ತರು. ಅವರ ಅಜ್ಜಿ ತಮಿಳಿನಲ್ಲಿ ಗದರಿದರೆ ಮೊಮ್ಮಗ ಕನ್ನಡದಲ್ಲಿ ಮಗ್ಗಿ ಒಪ್ಪಿಸುತ್ತಾನೆ. ನಮ್ಮಲ್ಲಿ ಹಲವು ಮನೆಗಳಲ್ಲಿ ಇದೇ ಕಥೆ, ತಿರುಗುಮುರುಗು! ನಾವು ಒಯ್ದ ಕೋಸು, ಆಲೂಗಡ್ಡೆ ಅವರ ಸಾಂಬಾರಿಗೆ ಬಿತ್ತು. ಮುದ್ದೆ ಮಾತ್ರ ನಮ್ಮವರೇ ತಿರುವಿದರು, ಆ ವಿಷಯದಲ್ಲಿ ಯಾರನ್ನೂ ನಂಬಲಿಲ್ಲ. ಆನೆ ಬಂದೀತೆಂದು ಯುವಕರು ಸರದಿಯ ಮೇಲೆ ಬೆಂಕಿ ಕಾದರು.

ಆ ಬೆಂಕಿಯ ಮುಂದೆ ಮಾತು ಕಾವೇರಿಗೆ ತಿರುಗಿತು. 2016ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿ ತಮಿಳುನಾಡು ನೋಂದಣಿಯ ಬಸ್ಸುಗಳು ಉರಿದ ವಾರ, ತನ್ನ ಕೋಸು ತುಂಬಿದ ಗಾಡಿ ಗಡಿಯಲ್ಲೇ ನಿಂತು ಕೊಳೆತದ್ದನ್ನು ನಮ್ಮ ರೈತರೊಬ್ಬರು ಹೇಳಿದರು. "ಗಾಡಿಯ ನಂಬರು ತಮಿಳುನಾಡಿನದು, ಬಾಯಿ ಕನ್ನಡದ್ದು. ಬಾಯನ್ನು ಯಾರು ನೋಡ್ತಾರೆ?" ಮಾರ್ಟಳ್ಳಿಯ ಹಿರಿಯರೊಬ್ಬರು ಸ್ವಲ್ಪ ಹೊತ್ತು ಸುಮ್ಮನಿದ್ದು, 1991ರ ಡಿಸೆಂಬರ್ ಗಲಾಟೆಯಲ್ಲಿ ಸಂತೆಗೆ ಹೋದಾಗ ಮಕ್ಕಳಿಗೆ "ಬಾಯಿ ಬಿಡಬೇಡಿ" ಎಂದು ಹೇಳಿ ಕೈ ಹಿಡಿದುಕೊಂಡು ನಡೆದದ್ದನ್ನು ನೆನೆದರು. ಅವರಿಬ್ಬರೂ ಅದುವರೆಗೆ ಒಬ್ಬರನ್ನೊಬ್ಬರು ಕಂಡವರಲ್ಲ. ಆಮೇಲೆ ಬಹಳ ಹೊತ್ತು ಇಬ್ಬರೂ ಒಂದೇ ಜಮಖಾನದ ಮೇಲೆ ಕೂತು ಟೊಮೊಟೊ ಬೆಲೆ ಮಾತಾಡಿದರು.

ಮರುದಿನ ಬೆಳಿಗ್ಗೆ ಪಾಲಾರ್ ಇಳಿದು ಗೋಪಿನಾಥಂ ದಾರಿ ಹಿಡಿದೆವು. ಗೋಪಿನಾಥಂ ವೀರಪ್ಪನ್ ಹುಟ್ಟೂರು ಎಂದೊಡನೆ ಹಿರಿಯರ ಮುಖ ಬದಲಾಯಿತು. ಆತ ಡಾ. ರಾಜ್‌ಕುಮಾರರನ್ನು 2000ದ ಜುಲೈ 30ರ ರಾತ್ರಿ ಅಪಹರಿಸಿದ್ದು ನಮ್ಮದೇ ತಾಳವಾಡಿ ಸೀಮೆಯ ಗಾಜನೂರಿನಿಂದ. ಅವರು ಬಿಡುಗಡೆಯಾಗುವವರೆಗಿನ 108 ದಿನ ನಮ್ಮ ಊರುಗಳಲ್ಲಿ ಸರಿಯಾಗಿ ನಿದ್ದೆ ಮಾಡಿದವರಿಲ್ಲ. ಮಕ್ಕಳಿಗೆ ಇದೆಲ್ಲ ಸಿನಿಮಾ ಕಥೆ. ಅದೇ ಗೋಪಿನಾಥಂನ ಜನರ ಬದುಕು ಸುಧಾರಿಸಲು ದುಡಿದು, 1991ರ ನವೆಂಬರ್‌ನಲ್ಲಿ ವೀರಪ್ಪನ್ ಕೈಯಲ್ಲಿ ಪ್ರಾಣ ಕಳೆದುಕೊಂಡ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರ ಬಗ್ಗೆಯೂ ಹೇಳಿದೆವು. ಅವರಿಗೆ ಕೀರ್ತಿಚಕ್ರ ಸಂದಿದೆ.

ಕುರುಚಲು ಕಾಡು, ಮುಳ್ಳುಪೊದೆ, ಕಾದ ಬಂಡೆ. ಇಲ್ಲಿ ನೀರಿದೆ ಎಂದರೆ ನಂಬುವಂತಿಲ್ಲ. ಗಾಡಿ ನಿಲ್ಲಿಸಿ ಬಂಡೆಗಳ ಮೇಲೆ ನಡೆಯತೊಡಗಿದಾಗ ಮೊದಲು ಸದ್ದು ಕೇಳಿಸಿತು, ಆಮೇಲೆ ಬಿಳಿ ಹೊಗೆ ಕಾಣಿಸಿತು. ಹೊಗೆ ಏಳುವ ಕಲ್ಲು, ಹೊಗೇನಕಲ್. ಹೆಸರು ಅಚ್ಚ ಕನ್ನಡ, ಊರು ಧರ್ಮಪುರಿ ಜಿಲ್ಲೆಯದು. ನದಿಯೇ ಗಡಿ: ಈಚೆ ದಡ ಕರ್ನಾಟಕ, ಆಚೆ ದಡ ತಮಿಳುನಾಡು. ಅಲ್ಲಿಂದ ಸ್ವಲ್ಪ ಮೇಲೆ ಬಿಳಿಗುಂಡ್ಲುವಿನಲ್ಲಿ ಕೇಂದ್ರ ಜಲ ಆಯೋಗದವರು ಈ ನೀರನ್ನು ಅಳೆಯುತ್ತಾರೆ. ವರ್ಷಕ್ಕೆ 177.25 ಟಿಎಂಸಿ ಅಲ್ಲಿ ಹರಿಯಬೇಕೆಂದು 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. "ಎಣಿಸಿ ಮುಗಿಸಿದ ನೀರಾ ಇದು?" ಎಂದು ಒಬ್ಬ ಹುಡುಗಿ ಕೇಳಿದಳು. ಹೌದು, ಎಣಿಸಿದ ನೀರೇ.

ತೆಪ್ಪ ಹತ್ತಿದೆವು. ತಮಿಳಿನಲ್ಲಿ ಅದು ಪರಿಸಲ್. ಬಿದಿರಿನ ಹೆಣಿಗೆ, ತಳಕ್ಕೆ ಹಿಂದೆ ಚರ್ಮ, ಈಗ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು. ಲೈಫ್ ಜಾಕೆಟ್ ಬೇಡವೆಂದು ಹಟ ಹಿಡಿದ ಯುವಕರನ್ನು ದಡದಲ್ಲೇ ಇಳಿಸಿದೆವು, ಜಾಕೆಟ್ ತೊಟ್ಟ ಮೇಲೆಯೇ ಹತ್ತಿಸಿಕೊಂಡದ್ದು. 2015ರ ಏಪ್ರಿಲ್‌ನಲ್ಲಿ ಇಲ್ಲಿಯೇ ತೆಪ್ಪ ಮಗುಚಿ ಒಂದೇ ಕುಟುಂಬದ ಆರು ಮಂದಿ ತೀರಿಕೊಂಡರು. ಮೇಲಿನ ಅಣೆಕಟ್ಟೆಗಳಿಂದ ನೀರು ಬಿಟ್ಟರಂತೂ ತೆಪ್ಪಗಳನ್ನೇ ನಿಲ್ಲಿಸಿಬಿಡುತ್ತಾರೆ. ಹೋಗುವ ಕುಟುಂಬಗಳು ದಯವಿಟ್ಟು ವಿಚಾರಿಸಿಕೊಂಡೇ ಹೊರಡಿ.

ಎರಡೂ ಕಡೆ ಎತ್ತರದ ಕಪ್ಪು ಬಂಡೆಗೋಡೆ, ನಡುವೆ ತಿರುಗುತ್ತಾ ಸಾಗುವ ತೆಪ್ಪ. ಹುಡುಗನೊಬ್ಬ, "ಅಣ್ಣ, ಈಗ ನಾವು ಯಾವ ರಾಜ್ಯದಲ್ಲಿದ್ದೀವಿ?" ಎಂದ. ಅಂಬಿಗ ಹುಟ್ಟು ಹಾಕುತ್ತಲೇ, "ಇಲ್ಲಿ ಸುಳಿ ಇದೆ ಕಂದ, ಕೈ ಒಳಗಿಡು" ಎಂದ.

ಅಜ್ಜಿ ಸೆರಗಿನ ತುದಿ ಅದ್ದಿ ಮುಖ ಒರೆಸಿಕೊಂಡರು. "ಇಷ್ಟು ನೀರಿಟ್ಕೊಂಡು ಜಗಳ ಆಡ್ತಾರಲ್ಲ ಸ್ವಾಮಿ!" "ಮಳೆ ಕೈಕೊಟ್ಟ ವರ್ಷ ಬಂದು ನೋಡಿ ಅಜ್ಜಿ" ಎಂದರು ಕೋಸಿನ ರೈತರು. ಇಬ್ಬರ ಮಾತೂ ನಮಗೆ ಸರಿಯೆನಿಸಿತು. ಮಂಡ್ಯದ ರೈತನಿಗೂ ತಂಜಾವೂರಿನ ರೈತನಿಗೂ ನೀರು ಬೇಕು, ಅದು ಕೋರ್ಟಿನ ಲೆಕ್ಕಕ್ಕೆ ಬಿಟ್ಟದ್ದು. ಕೋಸಿನ ಗಾಡಿ ಕೊಳೆತದ್ದರಿಂದ ಯಾರ ಗದ್ದೆಗೂ ಒಂದು ಹನಿ ಹೆಚ್ಚು ಹರಿಯಲಿಲ್ಲ. ಇದೇ ಹೊಗೇನಕಲ್‌ನಿಂದ ಧರ್ಮಪುರಿ, ಕೃಷ್ಣಗಿರಿಗೆ ಕುಡಿಯುವ ನೀರು ಒಯ್ಯುವ ಯೋಜನೆಗೆ 2008ರಲ್ಲಿ ಎಷ್ಟು ಗದ್ದಲವಾಯಿತು! ಅಲ್ಲಿನ ಬಾವಿ ನೀರಿನ ಫ್ಲೋರೈಡ್‌ನಿಂದ ಮಕ್ಕಳ ಹಲ್ಲು ಕಂದುಗಟ್ಟುತ್ತಿತ್ತು. 2013ರಲ್ಲಿ ಯೋಜನೆ ಉದ್ಘಾಟನೆಯಾಯಿತು.

ಮಧ್ಯಾಹ್ನ ಬಂಡೆಯ ಮೇಲೆ ಮೊಸರನ್ನ, ಜೊತೆಗೆ ಖಾರ ಮೆತ್ತಿ ಕರಿದ ಹೊಳೆ ಮೀನು. ಕತ್ತಲಾಗುವ ಮುನ್ನ ಕಾಡು ದಾಟಬೇಕಾದ್ದರಿಂದ ಬೇಗನೆ ಹೊರಟು, ಮತ್ತೆ ಮಾರ್ಟಳ್ಳಿಗೆ ಹೋಗಿ ಪಾತ್ರೆ ಹಿಂತಿರುಗಿಸಿದೆವು. ಮುಂದಿನ ಸಂಕ್ರಾಂತಿಗೆ ಅಲ್ಲಿಂದ ಮೂವತ್ತು ಮಂದಿ ನಮ್ಮಲ್ಲಿಗೆ ಬರುತ್ತಾರಂತೆ. ಟಾರ್ಪಾಲು, ದೊಡ್ಡ ಹಂಡೆ ಯಾರ ಮನೆಯಲ್ಲಿವೆಯೋ ಅವರು ಈಗಲೇ ತಿಳಿಸಿಬಿಡಿ.