ಮೊದಲು ಯಾವುದು?

37 ವರ್ಷಗಳ ಕಾಲ ಪಾಠಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟವನಿಗೆ, ಎಪ್ಪತ್ತನೆಯ ವಯಸ್ಸಿನಲ್ಲಿ ಕೂಡುವ ಕಳೆಯುವ ಗುರುತುಗಳನ್ನು ಮತ್ತೆ ಮೊದಲಿನಿಂದ ಕಲಿಯುವ ಯೋಗ ಬಂದಿತೆಂದರೆ ಓದುಗರು ನಗಬಹುದು. ನಾನೂ ಮೊದಲು ನಕ್ಕೆನು. ಬೇಸಗೆಯ ರಜೆಗೆ ಬಂದಿದ್ದ ಮೊಮ್ಮಗಳು, ಮುಂದೆ ಕಾಲೇಜಿನಲ್ಲಿ ಕಲಿಸಲಿರುವ ಕಂಪ್ಯೂಟರ್ ಪಾಠವನ್ನು ಮುಂಚಿತವಾಗಿಯೇ ಓದಿಕೊಳ್ಳುವೆನೆಂದು ಪುಸ್ತಕವನ್ನೂ ಲ್ಯಾಪ್‌ಟಾಪನ್ನೂ ಜಗಲಿಯ ಮೇಲೆ ಹರಡಿಕೊಂಡು ಕುಳಿತಿದ್ದಳು. "ತಾತ, ಮೊದಲನೆಯ ಅಧ್ಯಾಯವೆಲ್ಲ ನಿಮ್ಮ ಲೆಕ್ಕವೇ. ಬನ್ನಿ, ನೀವೂ ಕೂತುಕೊಳ್ಳಿ" ಎಂದು ಕರೆದಳು. ಹೋಗಿ ಕುಳಿತೆನು. ಅವಳಿಗೆ ಹೇಳಿಕೊಡಬಹುದೆಂಬ ಹೆಮ್ಮೆ ಮನಸ್ಸಿನಲ್ಲಿ ಇರಲಿಲ್ಲವೆಂದರೆ ಸುಳ್ಳಾದೀತು.

ಅವಳು ಕಲಿಯುತ್ತಿದ್ದುದು ಪೈಥಾನ್ ಎಂಬ ಭಾಷೆ. ಹಾಲೆಂಡಿನ ಗ್ವಿಡೊ ವಾನ್ ರೋಸಮ್ ಎಂಬವರು ರೂಪಿಸಿ 1991ರಲ್ಲಿ ಹೊರತಂದುದು. ಪುಸ್ತಕದಲ್ಲಿ ಆಪರೇಟರ್ ಎಂದಿರುವುದನ್ನು ನಾನು ಇಲ್ಲಿ ಕ್ರಿಯಾಚಿಹ್ನೆಯೆನ್ನುವೆನು. ಎಕ್ಸ್‌ಪ್ರೆಷನ್ ಎಂದಿರುವುದನ್ನು, ನಮ್ಮ ಶಾಲೆಯ ಬೀಜೋಕ್ತಿಯ ನೆನಪಿನಿಂದ, ಉಕ್ತಿಯೆನ್ನುವೆನು. ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು ಇವು ಚಿಹ್ನೆಗಳು. ಅಂಕಿಗಳೂ ಹೆಸರುಗಳೂ ಈ ಚಿಹ್ನೆಗಳಿಂದ ಕಟ್ಟಿಕೊಂಡು ಕೊನೆಗೆ ಒಂದು ಬೆಲೆಗೆ ಇಳಿಯುವ ಬರವಣಿಗೆಯೇ ಉಕ್ತಿ. ಇಷ್ಟರಲ್ಲಿ ನನಗೆ ತಿಳಿಯದುದೇನೂ ಇದ್ದಂತೆ ತೋರಲಿಲ್ಲ.

ಮೂರನೆಯ ಪುಟದಲ್ಲಿ ಒಂದು ಸಾಲು ಕಂಡಿತು:

ಎಣಿಕೆ = ಎಣಿಕೆ + 1

ನನ್ನ ತರಗತಿಯಲ್ಲಿ ಯಾವ ಹುಡುಗನಾದರೂ ಹೀಗೆ ಬರೆದಿದ್ದರೆ ಕೆಂಪು ಶಾಯಿಯಿಂದ ಅಡ್ಡಗೀಟು ಎಳೆದಿರುತ್ತಿದ್ದೆನು. ಎರಡು ಕಡೆಯಿಂದಲೂ ಎಣಿಕೆಯನ್ನು ಕಳೆದರೆ ಸೊನ್ನೆಯು ಒಂದಕ್ಕೆ ಸಮವಾಗುತ್ತದೆ! ಮೊಮ್ಮಗಳು ಶಾಂತವಾಗಿ, "ಇದು ಸಮ ಅಲ್ಲ ತಾತ, ಇಡು ಅಂತ" ಎಂದಳು. ಬಲಗಡೆಯ ಉಕ್ತಿಯನ್ನು ಮೊದಲು ಲೆಕ್ಕ ಹಾಕಿ, ಬಂದ ಬೆಲೆಯನ್ನು ಎಡಗಡೆಯ ಹೆಸರಿನ ಡಬ್ಬಿಯಲ್ಲಿ ಇಡು ಎಂಬುದು ಅದರ ಅರ್ಥ. ಡಬ್ಬಿಯಲ್ಲಿ ನಾಲ್ಕು ಇದ್ದರೆ ಈಗ ಐದಾಯಿತು, ಅಷ್ಟೆ. ಡಬ್ಬಿಯ ಹೆಸರನ್ನು ಕನ್ನಡದಲ್ಲಿಯೇ ಬರೆದರೂ ಈ ಭಾಷೆ ಒಪ್ಪುವುದೆಂದು ತಿಳಿದು ನನಗೆ ಬಹಳ ಸಂತೋಷವಾಯಿತು. 2008ರಲ್ಲಿ ಬಂದ ಅದರ ಮೂರನೆಯ ಆವೃತ್ತಿಯಿಂದ ಈ ಅನುಕೂಲವಿದೆ.

ಸಮಚಿಹ್ನೆಯನ್ನು ಮೊದಲು ಅಚ್ಚಿನಲ್ಲಿ ತಂದವರು ರಾಬರ್ಟ್ ರೆಕಾರ್ಡ್ ಎಂಬ ವಿದ್ವಾಂಸರು, 1557ರಲ್ಲಿ. ಒಂದೇ ಉದ್ದದ ಎರಡು ಸಮಾಂತರ ಗೀಟುಗಳಿಗಿಂತ ಹೆಚ್ಚು ಸಮವಾದ ವಸ್ತುಗಳಿಲ್ಲವೆಂಬುದು ಅವರು ಕೊಟ್ಟ ಕಾರಣ. ನಾಲ್ಕು ನೂರು ವರ್ಷ ಆ ಗೀಟುಗಳು ಅದೇ ಮಾತನ್ನು ಹೇಳುತ್ತಿದ್ದುವು. 1957ರಲ್ಲಿ ಬಳಕೆಗೆ ಬಂದ ಫೋರ್‌ಟ್ರಾನ್ ಭಾಷೆಯಲ್ಲಿ ಅವೇ ಗೀಟುಗಳನ್ನು 'ಇಡು' ಎಂಬ ಅಪ್ಪಣೆಗೆ ಹಚ್ಚಿದರು. ಇದು ಸರಿಯಲ್ಲವೆಂದೆಣಿಸಿದವರು ಮರುವರ್ಷವೇ ಆಲ್‌ಗಾಲ್ ಭಾಷೆಯಲ್ಲಿ ಗೀಟುಗಳ ಹಿಂದೆ ಎರಡು ಚುಕ್ಕೆಗಳನ್ನು ಸೇರಿಸಿ ಭೇದವನ್ನು ತೋರಿಸಿದರು. ಆದರೆ ಲೋಕ ಬಹುಮಟ್ಟಿಗೆ ಫೋರ್‌ಟ್ರಾನಿನ ದಾರಿಯನ್ನೇ ಹಿಡಿಯಿತು. ಈಗ 'ಸಮವೇ?' ಎಂದು ಕೇಳಬೇಕಾದರೆ ಸಮಚಿಹ್ನೆಯನ್ನು ಎರಡು ಸಲ ಬರೆಯಬೇಕು. ಹಾಗೆ ಕೇಳಿದರೂ ಉತ್ತರ ನಮ್ಮ ಇಷ್ಟದಂತೆ ಬರುವುದೆಂದು ನಂಬುವಂತಿಲ್ಲ. 0.1 + 0.2 ಎಂಬುದು 0.3ಕ್ಕೆ ಸಮವೇ ಎಂದು ಕೇಳಿದೆವು, ಅಲ್ಲವೆಂದಿತು. ಹತ್ತರಲ್ಲಿ ಒಂದು ಪಾಲನ್ನು ಎರಡರ ಮಾನದಲ್ಲಿ ಬರೆಯಹೊರಟರೆ, ಮೂರರಲ್ಲಿ ಒಂದನ್ನು ನಾವು ದಶಮಾಂಶದಲ್ಲಿ ಬರೆಯುವಾಗ ಆಗುವಂತೆ, ಅದು ಮುಗಿಯುವುದೇ ಇಲ್ಲ. ಯಂತ್ರವು ಎಲ್ಲಿಯೋ ಒಂದು ಕಡೆ ಕತ್ತರಿಸಲೇಬೇಕು. ಹಣದ ಲೆಕ್ಕ ಬರೆಯುವವರು ರೂಪಾಯಿಯನ್ನು ಬಿಟ್ಟು ಪೈಸೆಗಳಲ್ಲಿ ಪೂರ್ಣಾಂಕವಾಗಿ ಎಣಿಸುವುದು ಈ ಕಾರಣದಿಂದಲೇ.

ಭಾಗಾಕಾರದ ಚಿಹ್ನೆಗಳು ಮೂರು. ಒಂದು ಓರೆಗೀಟು ಹಾಕಿ 7ನ್ನು 2ರಿಂದ ಭಾಗಿಸಿದರೆ 3.5 ಬರುತ್ತದೆ, ಎರಡು ಹಾಕಿದರೆ 3 ಮಾತ್ರ, ಶೇಕಡದ ಗುರುತನ್ನು ಹಾಕಿದರೆ ಶೇಷವಾದ 1. ಈ ಶೇಷದ ಚಿಹ್ನೆ ನನಗೆ ಬಹಳ ಹಿಡಿಸಿತು. ಇಂದು ಬುಧವಾರವಾದರೆ ನೂರು ದಿನಗಳ ಮೇಲೆ ಯಾವ ವಾರವೆಂದು ತಿಳಿಯಲು 100ನ್ನು 7ರಿಂದ ಭಾಗಿಸಿ ಶೇಷವನ್ನು ನೋಡಿದರೆ ಸಾಕು: 2 ಉಳಿಯಿತು, ಶುಕ್ರವಾರ. ಸೊನ್ನೆಯಿಂದ ಭಾಗಿಸಹೋದರೆ ಯಂತ್ರವು ತಪ್ಪೆಂದು ಹೇಳಿ ನಿಂತುಬಿಡುತ್ತದೆ. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟರ ಅಮೋಘವರ್ಷನ ಆಶ್ರಯದಲ್ಲಿದ್ದ ಮಹಾವೀರಾಚಾರ್ಯರು ತಮ್ಮ ಗಣಿತಸಾರಸಂಗ್ರಹದಲ್ಲಿ, ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುವುದೆಂದಿದ್ದಾರೆ. ಅಷ್ಟು ದೊಡ್ಡವರು ಎಡವಿದ ಸ್ಥಳದಲ್ಲಿ ಯಂತ್ರವು ನಿಂತುಬಿಡುವುದು ವಿವೇಕವೆಂದೇ ನನಗೆ ತೋರಿತು.

ಇಷ್ಟೆಲ್ಲ ಆದಮೇಲೆ, ನಾನು ಈ ಲೇಖನವನ್ನು ಬರೆಯಲು ಕಾರಣವಾದ ಉಕ್ತಿ ಬಂದಿತು. ಕ್ರಿಯೆಗಳ ಸರದಿಯನ್ನು ತೋರಿಸಲು ಮೊಮ್ಮಗಳು 5 + 3 * 4 ಎಂದು ಒತ್ತಿದಳು (ಇಲ್ಲಿ ನಕ್ಷತ್ರವೇ ಗುಣಾಕಾರದ ಗುರುತು). ಯಂತ್ರವು 17 ಎಂದಿತು. "ಗುಣಾಕಾರ ಮೊದಲು ಯಾಕೆ ತಾತ?" ಎಂದು ಅವಳು ತಲೆಯೆತ್ತದೆಯೇ ಕೇಳಿದಳು.

1983ರಲ್ಲಿ ನಾನು ಒಂದು ಹಳ್ಳಿಯ ಶಾಲೆಯಲ್ಲಿದ್ದೆನು. ಆರನೆಯ ತರಗತಿಯ ಒಬ್ಬ ಹುಡುಗ ಇದೇ ಲೆಕ್ಕಕ್ಕೆ 32 ಎಂದು ಬರೆದು ತಂದನು. ಐದೂ ಮೂರೂ ಎಂಟು, ಎಂಟು ನಾಲ್ಕಲಿ ಮೂವತ್ತೆರಡು. ತಪ್ಪೆಂದೆನು. "ಓದಿಕೊಂಡು ಹೋಗುವಾಗ ಮೊದಲು ಸಿಕ್ಕಿದ್ದು ಕೂಡುವ ಗುರುತಲ್ಲವೆ ಸಾರ್?" ಎಂದನು. ಗುಣಾಕಾರ ಮೊದಲು, ಅದು ನಿಯಮವೆಂದೆನು. "ನಿಯಮ ಯಾರು ಮಾಡಿದರು ಸಾರ್? ಯಾಕೆ ಮಾಡಿದರು?" ಎಂದು ಕೇಳಿದನು. ತರಗತಿಯಲ್ಲಿ ಯಾರೋ ನಕ್ಕರು. ನನಗೆ ಉತ್ತರ ತಿಳಿದಿರಲಿಲ್ಲ. ತಿಳಿಯದೆಂದು ಹೇಳುವ ವಯಸ್ಸೂ ಆಗ ನನ್ನದಾಗಿರಲಿಲ್ಲ. ಮೇಜಿನ ಮೇಲೆ ಬೆತ್ತವಿತ್ತು. ಎರಡು ಏಟು ಕೊಟ್ಟೆನು, ಅದೂ ಅಂಗೈಯ ಮೇಲೆ, ಅಧಿಕಪ್ರಸಂಗಕ್ಕೆಂದು. ಅವನು ಅಳಲಿಲ್ಲ. ಅಂದಿನಿಂದ ಏಳನೆಯ ತರಗತಿ ಮುಗಿಸಿ ಶಾಲೆ ಬಿಡುವವರೆಗೆ ನನ್ನ ಪಾಠದಲ್ಲಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಲೆಕ್ಕಗಳನ್ನೇನೋ ನಾನು ಹೇಳಿದಂತೆಯೇ ಮಾಡುತ್ತಿದ್ದನು, ಉತ್ತೀರ್ಣನೂ ಆದನು. ಶಿಸ್ತು ಬಂದಿತೆಂದು ನಾನು ಸಂತೋಷಪಟ್ಟುಕೊಂಡಿದ್ದೆನು.

ಮೊಮ್ಮಗಳ ಪ್ರಶ್ನೆಗೆ ಆಗ ಏನೋ ಹೇಳಿ ಎದ್ದುಬಿಟ್ಟೆನು. ಆ ದಿನ ಮಧ್ಯಾಹ್ನ, ಮನೆಯ ಲೆಕ್ಕಕ್ಕೆಂದು ಇಟ್ಟುಕೊಂಡಿರುವ ಅಗ್ಗದ ಕ್ಯಾಲ್ಕ್ಯುಲೇಟರಿನಲ್ಲಿ ಅದೇ ಗುಂಡಿಗಳನ್ನು ಅದೇ ಕ್ರಮದಲ್ಲಿ ಒತ್ತಿ ನೋಡಿದೆನು. 32 ಬಂದಿತು. ತಪ್ಪಿ ಒತ್ತಿದೆನೇನೋ ಎಂದು ಮತ್ತೆ ಒತ್ತಿದೆನು. ಮತ್ತೆ 32. ಈ ಬಗೆಯ ಸಣ್ಣ ಯಂತ್ರಗಳು ಬಂದ ಗುರುತನ್ನು ಬಂದ ಹಾಗೆ ಮಾಡಿ ಮುಗಿಸುತ್ತವೆ. ಮುಂದೆ ಗುಣಾಕಾರ ಬಂದೀತೆಂದು ಕಾಯುವುದಿಲ್ಲ.

ಸಂಜೆ ಮೊಮ್ಮಗಳಿಗೆ ಇದನ್ನು ತೋರಿಸಿದಾಗ ಅವಳು ಇನ್ನೂ ಒಂದು ಸಂಗತಿಯನ್ನು ಹುಡುಕಿಕೊಟ್ಟಳು. ಅಮೆರಿಕದ ಪಾಲೊ ಆಲ್ಟೊದಲ್ಲಿ, ಜೆರಾಕ್ಸ್ ಸಂಸ್ಥೆಯ ಸಂಶೋಧನಾಲಯದಲ್ಲಿ, ಅಲನ್ ಕೇ ಮತ್ತು ಅವರ ಸಂಗಡಿಗರು 1970ರ ದಶಕದಲ್ಲಿ ರೂಪಿಸಿದ ಸ್ಮಾಲ್‌ಟಾಕ್ ಎಂಬ ಭಾಷೆಯಲ್ಲಿ ಕೂಡುವುದಕ್ಕೂ ಗುಣಿಸುವುದಕ್ಕೂ ಮೇಲುಕೀಳಿಲ್ಲ. ಎಡದಿಂದ ಬಲಕ್ಕೆ ಸಿಕ್ಕಿದ ಹಾಗೆ ಮಾಡಬೇಕು. ಅಲ್ಲಿ ಈ ಉಕ್ತಿಯ ಬೆಲೆ 32. ಕೆನೆತ್ ಐವರ್‌ಸನ್ ಎಂಬವರ ಎಪಿಎಲ್ ಭಾಷೆಯಲ್ಲಿಯೂ ಮೇಲುಕೀಳಿಲ್ಲ, ಆದರೆ ಅಲ್ಲಿ ಬಲದಿಂದ ಎಡಕ್ಕೆ ಹೋಗಬೇಕು. ಎಂದರೆ ನಾನು ಬೆತ್ತ ಎತ್ತಿದ ಆ ದಿನ, ಆ ಹುಡುಗನು ಕೊಟ್ಟ ಉತ್ತರವನ್ನೇ ಸರಿಯೆಂದು ಕೊಡುವ ಯಂತ್ರಗಳು ಲೋಕದಲ್ಲಿ ಆಗಲೇ ಇದ್ದುವು. ಅದನ್ನು ತಿಳಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಸೃಷ್ಟಿಯ ನಿಯಮವೆಂದು ನಾನು ಹೇಳಿಕೊಟ್ಟುದು ಬರೆಯುವವರ ಒಪ್ಪಂದವಾಗಿತ್ತು. ಒಪ್ಪಂದವೆಂದ ಮಾತ್ರಕ್ಕೆ ಬೆಲೆಯಿಲ್ಲದ್ದೆಂದಲ್ಲ. ಆದರೆ ಒಪ್ಪಂದಕ್ಕೆ ಕಾರಣವನ್ನು ಹೇಳಬೇಕಾಗುತ್ತದೆ. ಕಾರಣ ಎಷ್ಟು ಹತ್ತಿರದಲ್ಲಿತ್ತೆಂಬುದು ಮರುದಿನ ಬೆಳಗ್ಗೆ ಹಲ್ಲುಜ್ಜುವಾಗ ಹೊಳೆಯಿತು. ಆ ಹುಡುಗನ ತಂದೆ ಸಂತೆಯಲ್ಲಿ ದಿನಸಿ ಮಾರುತ್ತಿದ್ದನು. ರಜೆಯ ದಿನ ಹುಡುಗನೇ ತಕ್ಕಡಿ ಹಿಡಿಯುತ್ತಿದ್ದನು. "ಐದು ರೂಪಾಯಿನ ಬೆಲ್ಲ, ನಾಲ್ಕು ರೂಪಾಯಿನಂತೆ ಮೂರು ಸೇರು ಕಡಲೆ" ಎಂದು ನಾನು ಕೇಳಿದ್ದರೆ, ಕಣ್ಣು ಮಿಟುಕಿಸುವುದರೊಳಗೆ ಹದಿನೇಳು ರೂಪಾಯಿ ಎಂದಿರುತ್ತಿದ್ದನು. ಬೆಲ್ಲಕ್ಕೆ ಕಡಲೆಯನ್ನು ಕೂಡಿ ಆಮೇಲೆ ಬೆಲೆ ಕಟ್ಟುವ ಅಂಗಡಿಯವನು ಎಲ್ಲಿದ್ದಾನೆ? ಗುಣಾಕಾರವು ಒಂದು ಜಾತಿಯ ಸರಕನ್ನು ಒಟ್ಟು ಮಾಡುತ್ತದೆ. ಕೂಡುವುದು ಆಮೇಲಿನ ಕೆಲಸ.

ಅಂಗಡಿಗೆ ಹೋಗುವುದೂ ಬೇಡ, ನಮ್ಮ ಸಂಖ್ಯೆಗಳ ಹೆಸರುಗಳೇ ಇದನ್ನು ಹೇಳುತ್ತವೆ. ಐನೂರು ಎಂದರೆ ಐದನ್ನು ನೂರರಿಂದ ಗುಣಿಸಿದ್ದು. ನೂರೈದು ಎಂದರೆ ನೂರಕ್ಕೆ ಐದನ್ನು ಕೂಡಿದ್ದು. ಚಿಹ್ನೆಯನ್ನು ಯಾರೂ ನುಡಿಯುವುದಿಲ್ಲ. ಸಣ್ಣದು ಹಿಂದೆ ಬಂದರೆ ಗುಣಾಕಾರ, ಮುಂದೆ ಬಂದರೆ ಸಂಕಲನ, ಎಂಬುದನ್ನು ತೊದಲುವ ಮಗುವೂ ಬಲ್ಲುದು. ಮುನ್ನೂರ ನಲವತ್ತೆರಡು ಎನ್ನುವಾಗ ಮೂರು ನೂರನ್ನೂ ನಾಲ್ಕು ಹತ್ತನ್ನೂ ಮೊದಲು ಗುಣಿಸಿಕೊಂಡು ಆಮೇಲೆ ಎಲ್ಲವನ್ನೂ ಕೂಡುತ್ತೇವೆ. ಬಂದ ಹಾಗೆ ಮಾಡಿಕೊಂಡು ಹೋದರೆ ಮುನ್ನೂರಕ್ಕೆ ನಾಲ್ಕು ಸೇರಿ, ಹತ್ತರಿಂದ ಗುಣಿಸಿ, ಎರಡು ಸೇರಿ, 3042 ಆಗಿಬಿಡುತ್ತದೆ! ಆ ಹುಡುಗನಿಗೆ ನಾನು ಕೊಡಬೇಕಾಗಿದ್ದ ಉತ್ತರ ಅವನ ನಾಲಗೆಯ ಮೇಲೆಯೇ ಇತ್ತು. ನನ್ನ ನಾಲಗೆಯ ಮೇಲೆಯೂ ಇತ್ತು.

ಒಪ್ಪಂದಗಳು ಎಲ್ಲ ಕಡೆಯೂ ಒಂದೇ ಅಲ್ಲವೆಂಬುದನ್ನೂ ಆಮೇಲೆ ಕಂಡೆನು. ಋಣ ಮೂರರ ವರ್ಗವನ್ನು ಆವರಣವಿಲ್ಲದೆ ಬರೆದರೆ ಪೈಥಾನ್ ಮೊದಲು ವರ್ಗ ಮಾಡಿ ಆಮೇಲೆ ಋಣಚಿಹ್ನೆಯನ್ನು ಹಚ್ಚಿ -9 ಎನ್ನುತ್ತದೆ. ಕಚೇರಿಗಳಲ್ಲಿ ಬಳಸುವ ಎಕ್ಸೆಲ್ ಪಟ್ಟಿಯಲ್ಲಿ ಅದೇ 9. ಬೋಡ್‌ಮಾಸ್ ಎಂದು ಉರುಹೊಡೆದವರು 10 - 4 + 3 ಎಂಬಲ್ಲಿ ಕೂಡುವುದೇ ಮೊದಲೆಂದು 3 ಎಂದುಬಿಡುತ್ತಾರೆ. ನಿಜವಾಗಿ ಅವೆರಡೂ ಸಮಾನ ಪಂಕ್ತಿಯವು, ಎಡದಿಂದ ಮಾಡಿದರೆ 9. 'ಮತ್ತು', 'ಅಥವಾ' ಎಂಬ ಚಿಹ್ನೆಗಳೂ ಈ ಭಾಷೆಯಲ್ಲಿವೆ. 'ಮತ್ತು' ಎಂಬುದಕ್ಕೆ ಮೊದಲ ಮಣೆ. "ಕಾಫಿ ಅಥವಾ ಚಹಾ ಮತ್ತು ಉಪ್ಪಿಟ್ಟು" ಎಂದು ಯಂತ್ರದ ಕೈಯಲ್ಲಿ ಹೇಳಿಸಿದರೆ ಕಾಫಿ ಕುಡಿಯುವವನಿಗೆ ಉಪ್ಪಿಟ್ಟು ಸಿಕ್ಕುವ ಭರವಸೆಯಿಲ್ಲ.

ನಾವು ಮಾತಿನಲ್ಲಿ ಇಂಥವನ್ನು ಲಕ್ಷಿಸುವುದಿಲ್ಲ. 'ಹಳೆಯ ಪುಸ್ತಕದ ಅಂಗಡಿ' ಎಂದರೆ ಹಳೆಯದು ಪುಸ್ತಕವೋ ಅಂಗಡಿಯೋ? ಕೇಳುವವನು ಮುಖ ನೋಡಿ, ಸಂದರ್ಭ ನೋಡಿ ಅರ್ಥಮಾಡಿಕೊಳ್ಳುತ್ತಾನೆ. ಯಂತ್ರವು ಮುಖ ನೋಡುವುದಿಲ್ಲ. ಅದಕ್ಕೆ ಆವರಣವೊಂದೇ ಸನ್ನೆ. ಆದುದರಿಂದ ನಾನು ಈಗ ಬೇಕಾದ ಕಡೆಯಲ್ಲಿಯೂ ಬೇಡದ ಕಡೆಯಲ್ಲಿಯೂ ಆವರಣಗಳನ್ನು ಹಾಕುತ್ತೇನೆ.

ಆ ಹಳ್ಳಿಯ ಸಂತೆ ಈಗಲೂ ಮಂಗಳವಾರ ಸೇರುತ್ತದೆ. ಹೋದ ತಿಂಗಳು ಆ ಕಡೆಗೆ ಬಸ್ಸಿನಲ್ಲಿ ಹೋದವನು ಇಳಿದು ದಿನಸಿಯ ಸಾಲಿನಲ್ಲಿ ಎರಡು ಸಲ ಓಡಾಡಿದೆನು. ಆ ಹುಡುಗನಿಗೆ ಈಗ ಐವತ್ತು ದಾಟಿರಬೇಕು. ಕಂಡರೂ ನನಗೆ ಗುರುತು ಹತ್ತುತ್ತಿರಲಿಲ್ಲ. ಕಡಲೆಯ ರಾಶಿಯ ಹಿಂದೆ ಕುಳಿತಿದ್ದವನೊಬ್ಬನನ್ನು ವಿಚಾರಿಸಿದೆನು. ಆ ಮನೆಯವರು ಊರು ಬಿಟ್ಟು ಬಹಳ ಕಾಲವಾಯಿತೆಂದನು. ಅರ್ಧ ಕಿಲೋ ಕಡಲೆ ಕೊಂಡುಕೊಂಡು ಮುಂದಿನ ಬಸ್ಸಿಗೆ ಬಂದೆನು.

ಮೊಮ್ಮಗಳಿಗೆ ಉಳಿಸಿಕೊಂಡಿದ್ದ ಉತ್ತರವನ್ನು ಬೆಲ್ಲ ಕಡಲೆಗಳೊಡನೆ ಹೇಳಿದೆನು. ಹುಡುಗನ ಮಾತನ್ನೂ ಹೇಳಿದೆನು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ನಾನು ಬರೆದಿದ್ದ 5 + (3 * 4) ಎಂಬುದನ್ನು ನೋಡಿ, "ಇಲ್ಲಿ ಆವರಣ ಬೇಕಾಗಿಲ್ಲ ತಾತ" ಎಂದು ಅಳಿಸಿದಳು. ಅವಳು ನೀರು ಕುಡಿಯಲು ಒಳಗೆ ಹೋದಾಗ ನಾನು ಮತ್ತೆ ಹಾಕಿಟ್ಟೆನು.